ಮಸ್ಕಿ ಗಾಡಿ ಹಚ್ಯಾರ

ಲಿಂಗಸೂರಿನ ಕೋರ್ಟಿನ ಎದುರು ಹೊಸದೊಂದು ಹೋಟೆಲಾಗಿದೆ. ಗೋಡೆಗೆ ನೀಲಿ ಬಣ್ಣ, ಮೇಜಿಗೆ ಸನ್‌ಮೈಕಾ. ಗಲ್ಲಾದ ಹಿಂದೆ ಒಂದು ಬೋರ್ಡು: ‘ಚಹಾ ಕುಡಿದ ಮೇಲೆ ಜಾಗ ಖಾಲಿ ಮಾಡಿರಿ.’ ಅದರ ಕೆಳಗೆ ಇನ್ನೊಂದು: ‘ಇಲ್ಲಿ ಕಾಗದಪತ್ರ ಬರೆಯಬಾರದು.’ ನಾನು ಅದೇ ಕೋರ್ಟಿನಲ್ಲಿ ಟೈಪಿಸ್ಟು. ಆ ಎರಡನೆಯ ಬೋರ್ಡು ನನ್ನನ್ನೇ ನೋಡಿ ಬರೆಸಿದಂತೆ ಅನ್ನಿಸಿ, ಚಹಾವನ್ನು ಸುಡಸುಡ ನುಂಗಿ ಎದ್ದುಬಿಡುತ್ತೇನೆ. ಕಳೆದ ತಿಂಗಳು ಹಾಗೆ ಏಳುತ್ತಿದ್ದಾಗ ಸಿಂಧನೂರು ಲೈನಿನ ಹಳೆಯ ಕಂಡಕ್ಟರೊಬ್ಬ ಸಿಕ್ಕ. "ನಿಮ್ಮ ಕಾಕಾ ಹೋಗಿಬಿಟ್ಟಾನಲ್ರೀ ಮಾಸ್ತರ. ಮಣ್ಣಾಗಿ ವಾರಾತು. ನಿಮಗ ಯಾರೂ ಹೇಳಿಲ್ಲೇನು?" ಎಂದ.

ಯಾವ ಕಾಕಾ ಎಂದು ನಾನು ಕೇಳಲಿಲ್ಲ. ನನಗೆ ಇದ್ದದ್ದೇ ಒಬ್ಬ. ರಕ್ತಸಂಬಂಧವೇನಲ್ಲ. ಅವನು ಮುದಗಲ್ಲಿನ ಸಾಬರ ಪೈಕಿ, ನಾನು ಮಸ್ಕಿಯ ಸಿಂಪಿಗೇರರ ಮಗ. ಸಿಂಧನೂರು ಬಸ್‌ಸ್ಟ್ಯಾಂಡಿನ ಎದುರಿನ ಅವನ ಹೋಟೆಲಿನ ಮೂಲೆಯ ಮೇಜಿನ ಮೇಲೆ ಟೈಪ್‌ರೈಟರ್ ಇಟ್ಟುಕೊಂಡು ಎಂಬತ್ತರ ದಶಕದ ಕೊನೆಯ ಒಂದಷ್ಟು ವರ್ಷ ನಾನು ಬದುಕಿದೆ. ಸುದ್ದಿ ಕೇಳಿದಾಗ ದುಃಖ ಆಮೇಲೆ ಬಂತು, ಮೊದಲು ಬಂದದ್ದು ನಾಚಿಕೆ. ಆ ಕಂಡಕ್ಟರನಿಗೂ ಅದು ಗೊತ್ತಿತ್ತು. ಅವನು ನನ್ನ ಮುಖ ನೋಡದೆ ಬೋರ್ಡು ಓದುತ್ತ ನಿಂತ.

ಕಾಕಾನ ಹೋಟೆಲಿನಲ್ಲಿ ಬೋರ್ಡಿರಲಿಲ್ಲ. ಬೋರ್ಡಿನ ಕೆಲಸವನ್ನು ಅವನ ಗಂಟಲು ಮಾಡುತ್ತಿತ್ತು. ಹೋಟೆಲು ಹಾಕುವ ಮೊದಲು ಅವನು ಖಾಸಗಿ ಬಸ್ಸುಗಳ ಕಾಲದಲ್ಲಿ ಬಸ್ಸು ಕರೆಯುವವನಾಗಿದ್ದ. ಬಸ್ಸಿನ ಬಾಗಿಲಿಗೆ ನಿಂತು ಊರುಗಳ ಹೆಸರು ಕೂಗಿ ಕೂಗಿ ಮಂದಿ ತುಂಬಿಸುವ ಕೆಲಸ. ಆ ಬಸ್ಸುಗಳು ನಿಂತವು, ಗಂಟಲು ಉಳಿಯಿತು. ಒಲೆಯ ಮುಂದೆ ನಿಂತು ಚಹಾ ಎತ್ತಿ ಹೊಯ್ಯುತ್ತಿದ್ದವನು ಒಂದು ಕಣ್ಣು ಬಸ್‌ಸ್ಟ್ಯಾಂಡಿನ ಮೇಲೆ ಇಟ್ಟಿರುತ್ತಿದ್ದ. ಬಸ್ಸು ಬಂದು ಜಾಗದಲ್ಲಿ ನಿಂತಿತೋ, "ತುರ್ವಿಹಾಳ ಗಾಡಿ ಹಚ್ಯಾರ ನೋಡ್ರೀ" ಎಂದು ರಾಗವಾಗಿ ಕೂಗುತ್ತಿದ್ದ. ತುರ್ವಿಹಾಳದವನು ಬಸಿಯಲ್ಲಿ ಉಳಿದಿದ್ದ ಚಹಾ ಸುರಿದುಕೊಂಡು, ಕೈಚೀಲ ಹಿಡಿದು ಓಡುತ್ತಿದ್ದ. ಮೇಜು ಖಾಲಿಯಾಗುತ್ತಿತ್ತು. ಎದ್ದವನಿಗೆ ತನ್ನನ್ನು ಎಬ್ಬಿಸಿದರು ಅನ್ನಿಸುತ್ತಿರಲಿಲ್ಲ, ಬಸ್ಸು ತಪ್ಪದಂತೆ ಕಾಪಾಡಿದರು ಅನ್ನಿಸುತ್ತಿತ್ತು.

ಆದ್ದರಿಂದಲೇ ಯಾರು ಒಳಗೆ ಬಂದರೂ ಕಾಕಾನ ಮೊದಲ ಪ್ರಶ್ನೆ ‘ಏನು ಕೊಡಲಿ’ ಅಲ್ಲ, "ಯಾವೂರ್ರೀ?" ಊರು ತಿಳಿದ ಮೇಲೆ ಕೂಡುವ ಜಾಗ ತೋರಿಸುತ್ತಿದ್ದ. ತಾಸಿಗೊಂದು ಬಸ್ಸಿರುವ ಊರಿನವರಿಗೆ ಬಾಗಿಲ ಹತ್ತಿರದ ಮೇಜು. ಗುರುಗುಂಟಾದವರಿಗೆ ಹಿಂದಿನ ಗೋಡೆಯ ಪಕ್ಕ, ಯಾಕೆಂದರೆ ಆ ಕಡೆಯ ನೇರ ಬಸ್ಸು ಬರುವುದು ಸಂಜೆಗೆ, ಅಲ್ಲಿಯತನಕ ಅವರು ಏಳುವ ಮಾತಿಲ್ಲ. "ಇವರು ಮುಕ್ಕಾಂ ಗಿರಾಕಿ" ಎಂದು ಅವರ ಮುಂದೆ ಒಂದು ಚರಿಗೆ ನೀರು ಇಟ್ಟುಬಿಡುತ್ತಿದ್ದ. ಹೊಸಬರಿಗೆ ಈ ಲೆಕ್ಕಾಚಾರ ಗೊತ್ತಾಗುತ್ತಿರಲಿಲ್ಲ. ತಿಂಗಳುಗಟ್ಟಲೆ ಕೂತ ನನಗೇ ತಡವಾಗಿ ಗೊತ್ತಾಯಿತು.

"ನೇರ ಹೇಳಿಬಿಡಬಾರದಾ ಕಾಕಾ, ಎದ್ದು ಹೋಗ್ರಿ ಅಂತ?" ಎಂದು ಒಮ್ಮೆ ಕೇಳಿದ್ದೆ.

"ನಾ ಗಾಡಿ ಕರದಾವ ಪಾ. ಹತ್ರಿ ಅಂದೀನಿ, ಇಳೀರಿ ಅಂತ ಯಾರಿಗೂ ಅಂದಿಲ್ಲ" ಎಂದ. ಚಹಾ ಎತ್ತಿ ಹೊಯ್ಯುತ್ತ, "ಬಾ ಅಂದ ಬಾಯಿಲೆ ಹೋಗು ಅನ್ನಬಾರದು" ಎಂದೂ ಸೇರಿಸಿದ.

ಇನ್ನೊಂದು ಕಟ್ಟುನಿಟ್ಟು ಅವನದು. ಬಂದಿರದ ಬಸ್ಸನ್ನು ಅವನು ಕರೆಯುತ್ತಿರಲಿಲ್ಲ. ತುರ್ವಿಹಾಳದ ವಿಮಾ ಏಜೆಂಟನೊಬ್ಬನಿದ್ದ. ಮುಂದಿನ ಮೇಜಿನ ತುಂಬ ಫಾರ್ಮುಗಳನ್ನು ಹರವಿಕೊಂಡು, ಒಂದು ಚಹಾವನ್ನು ಗುಟುಕುಗುಟುಕಾಗಿ ಕುಡಿಯುತ್ತ, ಬಂದವರಿಗೆಲ್ಲ ಸಾವಿನ ಲಾಭ ವಿವರಿಸುತ್ತಿದ್ದ. ಒಂದು ಸಂತೆಯ ದಿನ ಮಂದಿ ಬಾಗಿಲಲ್ಲಿ ನಿಂತು ತಿನ್ನುತ್ತಿದ್ದಾಗ ನಾನೇ ಕಾಕಾನ ಹತ್ತಿರ ಹೋಗಿ, "ತುರ್ವಿಹಾಳ ಅಂತ ಒಮ್ಮಿ ಕೂಗಿಬಿಡು, ಎದ್ದು ಹೋಗ್ತಾನ" ಎಂದೆ. ಕಾಕಾ ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಇಲ್ಲದ ಗಾಡಿ ಕರದರ ಬಾಯಾಗ ಹುಳ ಬೀಳ್ತಾವ." ಅಷ್ಟೇ ಹೇಳಿ ಒಲೆಗೆ ಕಟ್ಟಿಗೆ ನೂಕಿದ. ಏಜೆಂಟನ ಮೇಜಿನ ಬಗ್ಗೆ ಸಲಹೆ ಕೊಡುವ ನಾನು ನನ್ನ ಮೇಜಿನ ಬಗ್ಗೆ ತುಟಿ ಬಿಚ್ಚಿರಲಿಲ್ಲ ನೋಡಿ. ಎಂಥ ಶ್ಯಾಣ್ಯಾ ನಾನು!

ನನ್ನ ಮೇಜಿನ ಕಥೆ ಹೀಗಿತ್ತು. ಟೈಪಿಂಗ್ ಪರೀಕ್ಷೆ ಪಾಸಾಗಿತ್ತು, ನೌಕರಿ ಇರಲಿಲ್ಲ. ಲಿಂಗಸೂರಿನಲ್ಲಿ ಮುಚ್ಚಿಹೋದ ಟೈಪಿಂಗ್ ಕ್ಲಾಸಿನಿಂದ ಅಪ್ಪ ಒಂದು ಹಳೆಯ ಕನ್ನಡ ಮಷೀನು ತಂದುಕೊಟ್ಟಿದ್ದ. ಅಪ್ಪ ಮಸ್ಕಿಯಲ್ಲಿ ದರ್ಜಿ. ತನ್ನ ಹೊಲಿಗೆ ಮಷೀನಿಗೆ ಬಿಡುವ ಎಣ್ಣೆಯನ್ನೇ ನನ್ನ ಮಷೀನಿಗೂ ಬಿಟ್ಟು, ಬಟ್ಟೆಯಿಂದ ಒರೆಸಿ, "ಇದರಾಗ ದಾರ ಇಲ್ಲ ಅನ್ನೋದೊಂದು ಬಿಟ್ರ ಎರಡೂ ಒಂದೇ" ಎನ್ನುತ್ತಿದ್ದ. ಅಂಗಡಿ ಬಾಡಿಗೆ ಹಿಡಿಯುವ ತ್ರಾಣ ನನಗಿರಲಿಲ್ಲ. ಸಿಂಧನೂರಿಗೆ ಬಂದು ಈ ಹೋಟೆಲಿನಲ್ಲಿ ಚಹಾ ಕುಡಿಯುತ್ತ ಕೂತಿದ್ದಾಗ, ಕಾಲುವೆಯ ಕೊನೆಯ ಭಾಗದ ರೈತರಿಬ್ಬರು ನನ್ನ ಪಕ್ಕದ ಪೆಟ್ಟಿಗೆಯಲ್ಲಿ ಏನಿದೆ ಎಂದು ಕೇಳಿದರು. ನೀರು ಬರುತ್ತಿಲ್ಲವೆಂದು ಅರ್ಜಿ ಕೊಡಬೇಕಿತ್ತು ಅವರಿಗೆ. ಅಲ್ಲೇ ಮಷೀನು ತೆಗೆದು, ‘ಮೆಹರಬಾನ ತಹಶೀಲ್ದಾರ ಸಾಹೇಬರ ಸನ್ನಿಧಾನಕ್ಕೆ’ ಎಂದು ಹೊಡೆದುಕೊಟ್ಟೆ. ಅಂದು ಕೂತವನು ಎದ್ದದ್ದು ವರ್ಷಗಳ ಮೇಲೆ.

ಮೊದಲ ದಿನ ಕಾಕಾ ಎಲ್ಲರಿಗೂ ಕೇಳಿದಂತೆ "ಯಾವೂರು?" ಎಂದು ಕೇಳಿದ್ದ. ಮಸ್ಕಿ ಎಂದೆ. ಮಸ್ಕಿಗೆ ಬಸ್ಸು ಬಹಳ. ಅವನ ಕಟ್ಟಳೆಯ ಪ್ರಕಾರ ನನ್ನ ಜಾಗ ಬಾಗಿಲಲ್ಲಿ. ಅವನು ನನ್ನ ಮಷೀನು ನೋಡಿದ, ನನ್ನ ಅಂಗಿಯ ತೇಪೆ ನೋಡಿದ, ಒಳಗೆ ಕರೆದುಕೊಂಡು ಹೋಗಿ ಕಿಟಕಿಯ ಬೆಳಕಿರುವ ಹಿಂದಿನ ಮೂಲೆಯಲ್ಲಿ, ಗುರುಗುಂಟಾದವರ ಸಾಲಿನಲ್ಲಿ ಕೂಡಿಸಿದ.

ಆಮೇಲೆ ಒಂದು ವಿಚಿತ್ರ ಗಮನಕ್ಕೆ ಬಂತು. ಸಿಂಧನೂರಿನಿಂದ ಲಿಂಗಸೂರಿಗೆ ಹೋಗುವ ಬಸ್ಸು ಮಸ್ಕಿಯನ್ನು ಹಾರಿ ಹೋಗಲು ಬರುವುದಿಲ್ಲ, ರಸ್ತೆ ಇರುವುದೇ ಊರ ನಡುವೆ. ಬಸ್ಸು ಕರೆಯುವವರೆಲ್ಲ ‘ಮಸ್ಕಿ, ಲಿಂಗಸೂರ’ ಎಂದು ಜೋಡಿಸಿಯೇ ಕೂಗುತ್ತಾರೆ. ಕಾಕಾ ಮಾತ್ರ "ಲಿಂಗಸೂರ, ಮುದಗಲ್ ಗಾಡಿ ಹಚ್ಯಾರ" ಎನ್ನುತ್ತಿದ್ದ. ಮಸ್ಕಿಯನ್ನು ನುಂಗಿಬಿಡುತ್ತಿದ್ದ. ಬೆಳಗ್ಗೆ ನುಂಗುತ್ತಿದ್ದ, ಮಧ್ಯಾಹ್ನ ನುಂಗುತ್ತಿದ್ದ. ವಿಮಾ ಏಜೆಂಟ ಒಮ್ಮೆ ಎಲ್ಲರೆದುರು, "ಏನ್ ಕಾಕಾ, ಮಸ್ಕಿ ಊರು ನಕಾಶಿದಾಗಿಂದ ಅಳಿಸಿ ಹೋತೇನು?" ಎಂದು ನನ್ನ ಕಡೆ ಕಣ್ಣು ಹೊಡೆದ. ಎಲ್ಲರೂ ನಕ್ಕರು, ಒಳಗೆ ಮಿರ್ಚಿ ಕರಿಯುತ್ತಿದ್ದ ಕಾಕಿಯೂ ನಕ್ಕಳು. ನನ್ನ ಕಿವಿ ಕಾದುಹೋದವು. ಮಂದಿ ನಿಂತು ತಿನ್ನುವಾಗ ನಾನು ಮೇಜು ಹಿಡಿದು ಕೂತಿದ್ದೇನೆ, ಅವನಿಗೆ ಅದು ಗೊತ್ತು, ನನಗೂ ಗೊತ್ತು, ಈಗ ಊರಿಗೂ ಗೊತ್ತು. ಉಪಕಾರ ಹೊತ್ತವನಿಗೆ ಸಿಟ್ಟು ಬೇಗ ಬರುತ್ತದೆ. ಅಂದಿನಿಂದ ನಾನು ಕಾಕಾನ ಬಾಯಿಯನ್ನೇ ಕಾಯತೊಡಗಿದೆ, ಎಂದು ಇವನು ಮಸ್ಕಿ ಅನ್ನುತ್ತಾನೋ ಎಂದು.

ಮನೆಗೆ ಹೋದಾಗ ಅಪ್ಪನ ಮುಂದೆ ಇದನ್ನು ಹೇಳಿಕೊಂಡೆ. ಅಪ್ಪ ಜೀವಮಾನವೆಲ್ಲ ಒಬ್ಬ ಬಟ್ಟೆ ವ್ಯಾಪಾರಿಯ ಅಂಗಡಿ ಕಟ್ಟೆಯ ಮೇಲೆ ಮಷೀನು ಇಟ್ಟುಕೊಂಡು ಹೊಲಿದವನು. "ನೀ ಅವರ ಹೋಟೆಲ್ ಕಸ ಹೊಡದೀ ಏನು?" ಎಂದು ಕೇಳಿದ. ಇಲ್ಲ ಎಂದೆ. "ನಾ ದಿನಾ ಸಾವ್ಕಾರನ ಕಟ್ಟಿ ಕಸ ಹೊಡದು ಕುಂದರ್ತೀನಿ. ನೆಳ್ಳು ಕೊಟ್ಟವರ ಮ್ಯಾಲೆ ಸಿಟ್ಟು ಮಾಡಬ್ಯಾಡ" ಎಂದ. ಟೈಪಿಂಗ್ ಕಲಿತವನು ಕಸ ಹೊಡೆಯಬೇಕೇ ಎಂದು ನಾನು ಮುಖ ತಿರುಗಿಸಿದೆ.

ನಾನು ಊರಿಂದ ತಿರುಗಿ ಬಂದ ಕೆಲವು ದಿನಕ್ಕೆ ಒಂದು ಸಂತೆ. ಹೋಟೆಲು ಗಿಜಿಗಿಜಿ. ಬೆಳಗ್ಗೆಯೇ ಕಾಲುವೆ ಕಡೆಯ ಒಬ್ಬ ಭತ್ತದ ವ್ಯಾಪಾರಿ ನನ್ನ ಮಷೀನಿನ ಸಪ್ಪಳಕ್ಕೆ ಸಿಡುಕಿ, "ಇದು ಹೋಟ್ಲೋ ಕಚೇರಿಯೋ?" ಎಂದು ಗೊಣಗಿ, ತಿನ್ನದೆ ಎದ್ದುಹೋಗಿದ್ದ. ನಾನು ಒಳಗೊಳಗೇ ಕುದಿಯುತ್ತ ಕೀಲಿಗಳನ್ನು ಕುಟ್ಟುತ್ತಿದ್ದೆ. ಅಷ್ಟರಲ್ಲಿ ಕಾಕಾ ಒಲೆ ಬಿಟ್ಟು ಹೊರಗೆ ಹೋದ, ತಿರುಗಿ ಬಂದ, ನೇರ ನನ್ನ ಮೇಜಿಗೆ ಬಂದು ನಿಂತ. ಒಲೆಯಿಂದಲೇ ಕೂಗುವವನು ಅವತ್ತು ಹತ್ತಿರ ಬಂದು, ಸಣ್ಣ ದನಿಯಲ್ಲಿ ಹೇಳಿದ:

"ಮಸ್ಕಿ ಗಾಡಿ ಹಚ್ಯಾರ ಪಾ. ಸೀಟಿಗೆ ನನ್ನ ಟಾವೆಲ್ ಹಾಕಿ ಬಂದೀನಿ. ಲಗೂ ಹೋಗು."

ನೋಡಿದೆ. ಯಾವಾಗಲೂ ಹೆಗಲ ಮೇಲಿರುತ್ತಿದ್ದ ಕೆಂಪು ಗೆರೆಯ ಟಾವೆಲ್ ಇರಲಿಲ್ಲ. ನಮ್ಮ ಕಡೆ ಬಸ್ಸಿನ ಕಿಟಕಿಯಿಂದ ಟಾವೆಲ್ ಹಾಕಿದರೆ ಆ ಸೀಟು ಹಾಕಿದವನದು. ಬೇರೆ ಗಿರಾಕಿಗಳಿಗೆ ಬರೀ ಕೂಗು, ನನಗೆ ಸೀಟನ್ನೂ ಹಿಡಿದು ಬಂದಿದ್ದಾನೆ, ಅಷ್ಟು ಬೇಡವಾಗಿದ್ದೇನೆ ಎಂದುಕೊಂಡೆ. "ಆತು ಕಾಕಾ, ನಿನ್ನ ಮೇಜು ನಿನಗ ಸುಖಾ ಕೊಡ್ಲಿ" ಎಂದೆ. ಅವನು ಏನೋ ಹೇಳಲು ಬಾಯಿ ತೆರೆದ. ಸುತ್ತಲೂ ಮಂದಿ ನೋಡುತ್ತಿದ್ದರು. ಅವನ ಬಾಯಿ ಮುಚ್ಚಿತು. ನಾನು ಮಷೀನು ಎತ್ತಿಕೊಂಡು ಬಸ್‌ಸ್ಟ್ಯಾಂಡಿಗೆ ಹೋಗಲಿಲ್ಲ. ಹಿಂದಿನ ಓಣಿಯ ಇನ್ನೊಂದು ಹೋಟೆಲಿಗೆ ಹೋಗಿ, ಚಹಾದ ಮೇಲೆ ಚಹಾ ಕುಡಿಯುತ್ತ ಸಂಜೆಯ ತನಕ ಕೂತೆ. ಅಲ್ಲಿಯೂ ಯಾರೂ ಏಳು ಅನ್ನಲಿಲ್ಲ ಅನ್ನುವುದು ಬೇರೆ ಮಾತು.

ಹೊತ್ತು ಇಳಿಯುವಾಗ ಒಬ್ಬ ಕಂಡಕ್ಟರ್ ಚಹಾಕ್ಕೆಂದು ಒಳಗೆ ಬಂದ. ನಾನು ಮೊದಲು ಹೇಳಿದ ಅದೇ ಕಂಡಕ್ಟರ್. ಅವನ ಕಂಕುಳಲ್ಲಿ ಕಾಕಾನ ಟಾವೆಲ್ ಇತ್ತು. ನನ್ನನ್ನು ನೋಡಿ ಬಾಗಿಲಲ್ಲೇ ನಿಂತ.

"ನೀವಿನ್ನೂ ಇಲ್ಲೇ ಅದೀರಾ ಮಾಸ್ತರ? ನಿಮ್ಮ ಅಪ್ಪಾರಿಗೆ ಲಕ್ವಾ ಹೊಡದೈತಿ ಅಂತ ಬೆಳಿಗ್ಗೇನ ನಿಮ್ಮ ಊರವರು ನನ್ನ ಕೈಯಾಗ ಹೇಳಿ ಕಳಿಸಿದ್ರು. ನಾ ಕಾಕಾನ ಮುಂದ ಹೇಳಿದ್ನಲ್ಲಾ. ಅಂವ ಓಡಿ ಬಂದು ಟಾವೆಲ್ ಹಾಕಿದ. ಮಂದಿ ನಿಂತಿದ್ರೂ ನಾ ಮಸ್ಕಿ ತನಕ ಆ ಸೀಟಿನಾಗ ಯಾರನ್ನೂ ಕುಂದರಗೊಡಲಿಲ್ಲ."

ಕೆಟ್ಟ ಸುದ್ದಿಯನ್ನು ನಮ್ಮಲ್ಲಿ ಯಾರೂ ಮುಖಕ್ಕೆ ಹೇಳುವುದಿಲ್ಲ. ಮನೆಯಲ್ಲಿ ಯಾರಾದರೂ ಸತ್ತಿದ್ದರೂ ‘ಆರಾಮಿಲ್ಲ, ಬಾ’ ಎಂದೇ ಹೇಳಿ ಕರೆಸುತ್ತಾರೆ. ಸಂತೆಯ ಮಂದಿಯ ನಡುವೆ ಕಾಕಾ ತನಗೆ ಗೊತ್ತಿದ್ದ ಮಾತಿನಲ್ಲಿ ಹೇಳಿದ್ದ. ನನಗೆ ಗೊತ್ತಿದ್ದ ಅರ್ಥದಲ್ಲಿ ನಾನು ಕೇಳಿದ್ದೆ. ಮುಂದಿನ ಬಸ್ಸಿಗೆ ಊರು ಮುಟ್ಟಿದಾಗ ಅಪ್ಪ ಇದ್ದ, ಅವನ ಮಾತು ಬಿದ್ದುಹೋಗಿತ್ತು. "ಮಧ್ಯಾಹ್ನದ ತನಕ ಮಾತಾಡಿದ. ಬಸ್ ಬಂತೇನು, ಬಸ್ ಬಂತೇನು ಅಂತ ಕೇಳಿ ಕೇಳಿ ಸುಮ್ಮನಾದ" ಎಂದಳು ಅವ್ವ. ಆ ವಾರ ಕಳೆಯುವುದರೊಳಗೆ ಅಪ್ಪ ಹೋದ. ನನಗೆ ಏನು ಹೇಳಬೇಕೆಂದಿದ್ದನೋ, ಅದು ಅವನ ಸಂಗಡ ಹೋಯಿತು.

ಅಪ್ಪನ ದಿನಕರ್ಮ ಮುಗಿದ ಮೇಲೆ ಸಿಂಧನೂರಿಗೆ ಬಂದೆ. ಹೋಗಿ ಕಾಕಾನ ಕಾಲು ಹಿಡಿಯಬೇಕಿತ್ತು. ನಾನು ಮಾಡಿದ್ದೇನು? ಅವನು ನನ್ನನ್ನು ನೋಡಿ ಒಲೆ ಬಿಟ್ಟು ಬಂದು, "ಯಾಕ ಪಾ ಹತ್ತಲಿಲ್ಲ ಗಾಡಿ?" ಎಂದು ಕೇಳಿದ ಕೂಡಲೇ ನನ್ನ ನಾಲಿಗೆ ಹರಿಯಿತು.

"ಮಂದೀನ ಎಬ್ಬಸಾಕ ದಿನಾ ಗಾಡಿ ಕರೀತಿ ನೀನು. ಖರೇ ಕರದಾಗ ನನಗ ಹೆಂಗ ತಿಳೀಬೇಕು?"

ಕಾಕಾ ಒಂದು ದಿನವೂ ಸುಳ್ಳು ಕರೆದವನಲ್ಲ. ಅವನು ಹಾಗೆಂದು ಹೇಳಬಹುದಿತ್ತು, ನನ್ನ ಕಪಾಳಕ್ಕೆ ಹೊಡೆಯಬಹುದಿತ್ತು. ಅವನು ನೆಲ ನೋಡಿದ. "ಹೌದು. ಆ ಮಾತು ನಾನ ಕೆಡಿಸೀನಿ" ಎಂದ. ನನ್ನ ಮೂಲೆಯ ಮೇಜನ್ನು ಟಾವೆಲಿನಿಂದ ಒರೆಸಿಕೊಟ್ಟು ಒಲೆಗೆ ಹೋದ. ತಪ್ಪು ಮಾಡಿದವನು ಕೂತಿದ್ದೆ, ನಾಚಿಕೊಂಡವನು ಚಹಾ ಹೊಯ್ಯುತ್ತಿದ್ದ. ಅವನ ಬಗ್ಗಿದ ಕುತ್ತಿಗೆ ಈಗಲೂ ಕಣ್ಣ ಮುಂದಿದೆ. ಛೇ.

ಅಂದಿನಿಂದ ಕಾಕಾ ಬಸ್ಸು ಕರೆಯುವುದನ್ನು ಬಿಟ್ಟ. ಯಾವ ಊರನ್ನೂ ಕರೆಯಲಿಲ್ಲ. ಕೂಗಿಗೆ ಒಗ್ಗಿದ್ದ ಮಂದಿ ಬಸ್ಸು ತಪ್ಪಿಸಿಕೊಂಡು ಬಂದು, "ಹೇಳಬಾರದೇನ್ ಕಾಕಾ?" ಎಂದು ಜಗಳ ತೆಗೆದರು. ತಪ್ಪಿಸಿಕೊಂಡವರು ಮತ್ತೆ ಕೂತರು. ಏಜೆಂಟನ ಫಾರ್ಮುಗಳು ಎರಡು ಮೇಜಿಗೆ ಹರಡಿದವು. ಔಷಧದ ಕಂಪನಿಯವನೊಬ್ಬ ಬಾಟಲಿಗಳನ್ನು ಸಾಲಾಗಿ ಇಟ್ಟುಕೊಂಡು ಬೆಳೆಗೆ ಬರುವ ಹುಳಗಳ ಬಗ್ಗೆ ಭಾಷಣ ಮಾಡತೊಡಗಿದ. ತಿನ್ನಲು ಬಂದವರು ಬಾಗಿಲಲ್ಲಿ ಇಣುಕಿ ನೋಡಿ ಹಿಂದಿನ ಓಣಿಯ ಹೋಟೆಲಿಗೆ ನಡೆದರು. ಕಾಕಿ ಕರಿದ ಮಿರ್ಚಿ ತಣ್ಣಗಾಗಿ, ಸಂಜೆ ಬೀದಿಯ ದನಗಳಿಗೆ ಹೋಗುತ್ತಿತ್ತು. ಏಳಿ ಎಂದು ಹೇಳಲು ಕಾಕಾನಿಗೆ ಬೇರೆ ಮಾತು ಬರುತ್ತಿರಲಿಲ್ಲ. ಇದ್ದ ಒಂದು ಮಾತನ್ನು ನಾನು ಕಿತ್ತುಕೊಂಡಿದ್ದೆ.

ಒಂದು ಮಧ್ಯಾಹ್ನ ಕಾಕಿ ಒಳಗಿನಿಂದ ಬಂದು, ನನ್ನ ಮುಂದೆ ಚಹಾ ಇಟ್ಟು, ಮಷೀನಿನ ಮೇಲೆ ಕೈಯೂರಿ ನಿಂತಳು. "ಹೋಟ್ಲ ಮುಚ್ಚಿ ಮುದಗಲ್ಲಿಗೆ ಹೋಗೂಣು ಅನ್ನಾಕತ್ಯಾರ ನಿಮ್ಮ ಕಾಕಾ. ನಿಮ್ಮ ಅಪ್ಪ ಹೋದದ್ದಕ್ಕ ನನಗೂ ಕೆಟ್ಟ ಅನಿಸೈತಿ ಬೇಟಾ. ಆದರ ಅವರ ಬಾಯಿ ಕಟ್ಟಿದಾವ ನೀನು. ಬಿಚ್ಚಾವನೂ ನೀನ ಆಗಬೇಕು." ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಅವಳು ಬೈಯಲಿಲ್ಲ. ಮರುದಿನ ನಾನು ಬೇಗ ಬಂದು, ಕಾಕಾ ಬರುವ ಮೊದಲೇ ಹೋಟೆಲಿನ ಮುಂದೆ ಕಸ ಹೊಡೆದೆ. ಅವನು ನೋಡಿದ, ಹೋಗಿ ಒಲೆ ಹೊತ್ತಿಸಿದ. ಅಂದೂ ಯಾವ ಗಾಡಿಯನ್ನೂ ಕರೆಯಲಿಲ್ಲ.

ಮತ್ತೆ ಸಂತೆ ಬಂತು. ಕೂತವರು ಕೂತೇ ಇದ್ದರು. ಬಾಗಿಲಲ್ಲಿ ಒಬ್ಬ ಹೆಣ್ಣುಮಗಳು ಕಂಕುಳಲ್ಲೊಂದು, ಸೆರಗು ಹಿಡಿದದ್ದೊಂದು ಕೂಸಿನ ಸಂಗಡ ಬಿಸಿಲಲ್ಲಿ ನಿಂತು, ಒಳಗೆ ಜಾಗವಿದೆಯೇ ಎಂದು ನೋಡುತ್ತಿದ್ದಳು. ನನ್ನ ಮೇಜಿನಿಂದ ಬಾಗಿಲಾಚೆ ಬಸ್‌ಸ್ಟ್ಯಾಂಡು ಕಾಣುತ್ತಿತ್ತು. ತುರ್ವಿಹಾಳದ ಬಸ್ಸು ಬಂದು ನಿಂತಿತು. ಕಾಕಾನೂ ನೋಡಿದ. ನೋಡಿಯೂ ಕೂಗದೆ ಮತ್ತೆ ಚಹಾ ಎತ್ತಿ ಹೊಯ್ಯತೊಡಗಿದ. ಏಜೆಂಟ ಮಾತ್ರ ಯಾರಿಗೋ ಸಾವಿನ ಲಾಭ ಹೇಳುತ್ತಲೇ ಇದ್ದ.

ನಾನು ಎದ್ದೆ. ಮಷೀನಿನ ಮುಚ್ಚಳ ಹಾಕಿದೆ. ಎಂದೂ ಕೂಗಿದವನಲ್ಲ, ಹುಂಜದ ಕತ್ತು ಹಿಚುಕಿದಂಥ ದನಿಯಲ್ಲಿ ಕೂಗಿದೆ: "ಮಸ್ಕಿ ಗಾಡಿ ಹಚ್ಯಾರ!"

ಹೋಟೆಲು ಪೂರಾ ತಿರುಗಿ ನೋಡಿತು. ಮಸ್ಕಿಯವನು ಅಲ್ಲಿ ನಾನೊಬ್ಬನೇ. ಮಷೀನು ಎತ್ತಿ ಕಂಕುಳಿಗೆ ಸೇರಿಸಿ, ಆ ಹೆಣ್ಣುಮಗಳಿಗೆ ನನ್ನ ಮೇಜು ತೋರಿಸಿ, ತಲೆ ತಗ್ಗಿಸಿ ಬಾಗಿಲ ಕಡೆ ನಡೆದೆ.

ಕಾಕಾ ನನಗಿಂತ ಮೊದಲು ಬಾಗಿಲಿಗೆ ಬಂದ. ಹಣೆಗೆ ಕೈ ಅಡ್ಡ ಹಿಡಿದು ಬಸ್‌ಸ್ಟ್ಯಾಂಡನ್ನು ಆ ತುದಿಯಿಂದ ಈ ತುದಿಗೆ ನೋಡಿದ. "ಇಲ್ಲದ ಗಾಡಿ ಕರೀತಿ ಏನಲೇ? ಬಾಯಾಗ ಹುಳ ಬಿದ್ದಾವು" ಎಂದು ಗದರಿದ. ಆಮೇಲೆ ಒಳಗೆ ತಿರುಗಿ, ಬಹಳ ದಿನ ಮುಚ್ಚಿದ್ದ ಗಂಟಲನ್ನು ಕೆಮ್ಮಿ ಸರಿಮಾಡಿಕೊಂಡು, ಹಳೆಯ ರಾಗದಲ್ಲಿ ಎತ್ತಿದ: "ತುರ್ವಿಹಾಳ ಗಾಡಿ ಹಚ್ಯಾರ ನೋಡ್ರೀ, ಏಜೆಂಟ್ರ!" ಏಜೆಂಟ ಫಾರ್ಮುಗಳನ್ನು ಬಾಚಿಕೊಂಡು ಎದ್ದ. ಒಳಗೆ ಕಾಕಿ ಕರಿಯುತ್ತಿದ್ದ ಸಪ್ಪಳ ಒಂದು ಕ್ಷಣ ನಿಂತು, ಮತ್ತೆ ಶುರುವಾಯಿತು.

ನಾನು ಮಷೀನು ಹಿಡಿದು ಇನ್ನೂ ಬಾಗಿಲಲ್ಲೇ ನಿಂತಿದ್ದೆ. ಕಾಕಾ ಹೆಗಲಿನ ಟಾವೆಲ್ ಎಳೆದು ಒಲೆಯ ಪಕ್ಕದ ತನ್ನ ಸ್ಟೂಲು ಒರೆಸಿದ.

"ಮಸ್ಕಿಗೆ ಇನ್ನಾ ಹಚ್ಚಿಲ್ಲ. ಕುಂದ್ರು."

ಕೂತೆ. ಕೋರ್ಟಿನ ನೌಕರಿ ಸಿಗುವ ತನಕ ಆ ಹೋಟೆಲಿನಲ್ಲಿ ಕೂತೆ. ಲಿಂಗಸೂರಿಗೆ ಹೋದವು, ಮುದಗಲ್ಲಿಗೆ ಹೋದವು, ತುರ್ವಿಹಾಳಕ್ಕಂತೂ ಲೆಕ್ಕವೇ ಇಲ್ಲ. ನಾನು ಇದ್ದಷ್ಟು ವರ್ಷ ಮಸ್ಕಿಗೆ ಮಾತ್ರ ಒಂದು ಗಾಡಿಯೂ ಹಚ್ಚಲಿಲ್ಲ.